ಮಾರಾಟಕ್ಕಿಲ್ಲದ ದ್ವೀಪ: ಬಾರ್ಬುಡಾದ ಬಗ್ಗೆ ಒಂದಿಷ್ಟು ಮಾತು

(ಒಂದು ಭಾನುವಾರ ಬೆಳಗ್ಗೆ, ಪ್ರವಾಸದಲ್ಲಿ ಆಸಕ್ತಿ ಇರುವವರ ಸಣ್ಣ ಸಭೆಯಲ್ಲಿ ಆಡಿದ ಮಾತಿನ ಬರಹ ರೂಪ ಇದು. ಅವತ್ತು ತೋರಿಸಿದ ಚಿತ್ರಗಳು ಇಲ್ಲಿಲ್ಲ. ಹಾಗಾಗಿ ಕೆಲವು ಕಡೆ ಒಂದೆರಡು ವಾಕ್ಯ ಜಾಸ್ತಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಆಂಟಿಗುವಾ ಅಂದ ತಕ್ಷಣ ಇಲ್ಲಿರುವ ಕ್ರಿಕೆಟ್ ಪ್ರಿಯರಿಗೆ 2002ರ ಮೇ ತಿಂಗಳು ನೆನಪಾಗುತ್ತದೆ. ವೆಸ್ಟ್ ಇಂಡೀಸ್‌ನ ಮರ್ವಿನ್ ಡಿಲನ್ ಎಸೆದ ಚೆಂಡು ಬಡಿದು ನಮ್ಮ ಅನಿಲ್ ಕುಂಬ್ಳೆಯವರ ದವಡೆ ಮುರಿದಿತ್ತು. ತಲೆಯಿಂದ ಗದ್ದದವರೆಗೆ ಬ್ಯಾಂಡೇಜ್ ಸುತ್ತಿಕೊಂಡು ಬಂದು ಸತತ 14 ಓವರ್ ಬೌಲ್ ಮಾಡಿದರು. ಬ್ರಯಾನ್ ಲಾರಾ ವಿಕೆಟ್ಟನ್ನೂ ತೆಗೆದರು. ಅದು ನಡೆದದ್ದು ಆಂಟಿಗುವಾದ ಸೇಂಟ್ ಜಾನ್ಸ್‌ನಲ್ಲಿ. ಪತ್ರಿಕೆ ಓದುವವರಿಗೆ ಇನ್ನೊಂದು ಸುದ್ದಿಯೂ ನೆನಪಿರಬಹುದು. ನಮ್ಮ ದೇಶದ ದೊಡ್ಡ ಬ್ಯಾಂಕ್ ಹಗರಣದ ಆರೋಪಿಯೊಬ್ಬರು ಪೌರತ್ವ ಪಡೆದುಕೊಂಡದ್ದು ಇದೇ ದೇಶದಲ್ಲಿ. ಅದನ್ನು ಬಿಡಿ.

ಆ ಕೆರಿಬಿಯನ್ ದೇಶದ ಪೂರ್ತಿ ಹೆಸರು ಆಂಟಿಗುವಾ ಮತ್ತು ಬಾರ್ಬುಡಾ. ಮೊದಲನೆಯ ದ್ವೀಪದ ಬಗ್ಗೆ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ನಾನು ಬಂದಿರುವುದು ಎರಡನೆಯದರ ಬಗ್ಗೆ ಮಾತಾಡಲು.

ಆಂಟಿಗುವಾ 281 ಚದರ ಕಿಲೋಮೀಟರ್ ಇದೆ, ಬಾರ್ಬುಡಾ ಸುಮಾರು 161. ಅಂದರೆ ಅರ್ಧಕ್ಕಿಂತ ದೊಡ್ಡದು. ಆದರೆ ಆಂಟಿಗುವಾದಲ್ಲಿ ಸುಮಾರು 90,000 ಜನ ಇದ್ದರೆ, ಬಾರ್ಬುಡಾದಲ್ಲಿ 2,000 ಕೂಡ ಇಲ್ಲ. ಇರುವವರೂ ಹೆಚ್ಚುಕಡಿಮೆ ಎಲ್ಲರೂ ಕಾಡ್ರಿಂಗ್ಟನ್ ಎಂಬ ಒಂದೇ ಊರಿನಲ್ಲಿ ಇದ್ದಾರೆ. ಉಳಿದದ್ದು ಕುರುಚಲು ಕಾಡು, ಉಪ್ಪುನೀರಿನ ಲಗೂನ್, ಸುಣ್ಣಕಲ್ಲಿನ ಬಂಡೆ, ಕಿಲೋಮೀಟರುಗಟ್ಟಲೆ ಮರಳದಂಡೆ.

ಕೆರಿಬಿಯನ್‌ನಲ್ಲಿ ಇಂಥ ದಂಡೆ ಇಟ್ಟುಕೊಂಡು ಹೋಟೆಲುಗಳ ಸಾಲು ಯಾಕೆ ಏಳಲಿಲ್ಲ? ಪ್ರವಾಸಿ ಜಾಹೀರಾತುಗಳ ಉತ್ತರ ಸುಲಭದ್ದು. ಇದು ಯಾರೂ ಮುಟ್ಟದ ಸ್ವರ್ಗ, ಕಾಲ ಇಲ್ಲಿ ನಿಂತುಬಿಟ್ಟಿದೆ, ಹೀಗೆ ಏನೇನೋ. ಅದನ್ನು ಓದಿದಾಗ ನನಗೆ ಸ್ವಲ್ಪ ಸಿಟ್ಟೇ ಬರುತ್ತದೆ. ಮುನ್ನೂರು ವರ್ಷದಿಂದ ಜನ ಅಲ್ಲಿ ಬೇಸಾಯ ಮಾಡಿ, ಬಲೆ ಬೀಸಿ, ದನ ಮೇಯಿಸಿ ಬದುಕಿದ್ದಾರೆ. ಹೋಟೆಲ್ ಏಳದೆ ಇದ್ದದ್ದು ಅವರು ನೆಲವನ್ನು ಮಾರಾಟದ ವಸ್ತು ಮಾಡಲು ಒಪ್ಪದೆ ಇದ್ದದ್ದರಿಂದ. ಹೋಗುವವರು ಇದನ್ನು ತಿಳಿದುಕೊಂಡು ಹೋಗಬೇಕು ಅನ್ನುವುದೇ ನನ್ನ ಮಾತಿನ ತಿರುಳು.

ಮೊದಲು ಹೋಗುವ ದಾರಿ. ಇಲ್ಲಿಂದ ನೇರ ವಿಮಾನ ಇಲ್ಲ. ಲಂಡನ್ ಅಥವಾ ನ್ಯೂಯಾರ್ಕ್ ಮೂಲಕ ಆಂಟಿಗುವಾ ಸೇರಬೇಕು. ಅಲ್ಲಿಂದ ಸಣ್ಣ ವಿಮಾನದಲ್ಲಿ ಕಾಲು ಗಂಟೆ, ಇಲ್ಲವೇ ಫೆರಿಯಲ್ಲಿ ಸುಮಾರು ಒಂದೂವರೆ ಗಂಟೆ. ಫೆರಿ ಅಂದರೆ ಆರಾಮ ಅಂದುಕೊಳ್ಳಬೇಡಿ. ನಡುವಿನದು ತೆರೆದ ಅಟ್ಲಾಂಟಿಕ್. ದೋಣಿ ಅಲೆಯ ಮೇಲೆ ಹತ್ತಿ ದಡ್ ಅಂತ ಬೀಳುತ್ತದೆ. ತಿಂಡಿ ಹಗುರ ಇರಲಿ, ವಾಂತಿ ಮಾತ್ರೆ ಜೇಬಿನಲ್ಲಿರಲಿ.

ಹತ್ತಿರ ಹೋದರೂ ದ್ವೀಪ ಕಾಣುವುದೇ ಇಲ್ಲ. ಬಾರ್ಬುಡಾ ಅಷ್ಟು ತಗ್ಗು. ಪೂರ್ವದ ಎತ್ತರದ ಭಾಗವೂ 40 ಮೀಟರಿನ ಆಸುಪಾಸು ಅಷ್ಟೇ. ಇದಕ್ಕೆ ಸುತ್ತಲಿನ ಹವಳದ ದಿಬ್ಬ ಸೇರಿ, ಹಳೆಯ ಕಾಲದಲ್ಲಿ ಇಲ್ಲಿ ಬಹಳ ಹಡಗುಗಳು ಒಡೆದವು. ಒಡೆದ ಹಡಗಿನ ಸಾಮಾನು ಎತ್ತುವುದು ದ್ವೀಪದ ದೊಡ್ಡ ಆದಾಯವೇ ಆಗಿತ್ತು.

ಊರಿಗೆ ಇಳಿದರೆ ಕತ್ತೆ, ಕುದುರೆ, ಮೇಕೆ ರಸ್ತೆಯಲ್ಲೇ ಓಡಾಡುತ್ತಿರುತ್ತವೆ. ಅವು ದಾರಿತಪ್ಪಿ ಬಂದವಲ್ಲ. ಅಲ್ಲಿ ಪ್ರಾಣಿಗೆ ಬೇಲಿ ಹಾಕುವುದಿಲ್ಲ, ತೋಟಕ್ಕೆ ಹಾಕುತ್ತಾರೆ. ನೆಲ ಎಲ್ಲರದು, ಮೇವು ಎಲ್ಲರ ದನಕ್ಕೆ. ನಾಲ್ಕು ಗಿಡ ಹಾಕಿಕೊಂಡವನು ತನ್ನ ಗಿಡ ಕಾಯ್ದುಕೊಳ್ಳಬೇಕು. ಈ ಸಣ್ಣ ನಿಯಮದ ಹಿಂದೆ ಇಡೀ ದ್ವೀಪದ ಚರಿತ್ರೆ ಇದೆ. ಅದಕ್ಕೆ ಆಮೇಲೆ ಬರುತ್ತೇನೆ.

ಮರಳದಂಡೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಚಿತ್ರ ನೋಡಿದಿರಲ್ಲ. ಕೆಲವು ಕಡೆ ಮರಳು ಗುಲಾಬಿ ಬಣ್ಣ. ಚಿಕ್ಕ ಚಿಕ್ಕ ಕಡಲ ಜೀವಿಗಳ ಚಿಪ್ಪು ಅಲೆಗೆ ಸಿಕ್ಕಿ ನುಚ್ಚಾಗಿ ಸೇರಿಕೊಂಡದ್ದರಿಂದ ಆ ಬಣ್ಣ. ಅಂಗೈಯಲ್ಲಿ ಹಿಡಿದು ಹತ್ತಿರದಿಂದ ನೋಡಿದರೆ ಬಿಳಿ ಕಣಗಳ ನಡುವೆ ಆ ನುಚ್ಚು ಕಾಣಿಸುತ್ತದೆ.

ನಾನು ನಿಲ್ಲಿಸಿ ಹೇಳಬೇಕೆಂದಿರುವುದು ಹಕ್ಕಿಗಳ ಬಗ್ಗೆ.

ಕಾಡ್ರಿಂಗ್ಟನ್ ಲಗೂನಿನ ಉತ್ತರ ತುದಿಯಲ್ಲಿ ಕಾಂಡ್ಲಾ, ಅಂದರೆ ಮ್ಯಾಂಗ್ರೋವ್ ಗಿಡಗಳ ಪೊದೆಗಳಿವೆ. ಊರಿನ ಕಟ್ಟೆಯಿಂದ ಅಲ್ಲಿನ ದೋಣಿಗಾರರೇ ಕರೆದುಕೊಂಡು ಹೋಗಬೇಕು, ನೀವಾಗಿ ಹೋಗುವ ಹಾಗಿಲ್ಲ. ಹತ್ತಿರವಾದಂತೆ ದೋಣಿಗಾರ ಎಂಜಿನ್ ಆರಿಸಿ ಕೋಲು ಹಿಡಿಯುತ್ತಾನೆ. ಆಗ ಸದ್ದು ಕೇಳಲು ಶುರುವಾಗುತ್ತದೆ. ಕಟಕಟ ಕೊಕ್ಕು ಬಡಿಯುವ ಸದ್ದು, ಗಂಟಲಿನೊಳಗಿನಿಂದ ಬರುವ ತಮಟೆಯಂಥ ಸದ್ದು. ಸಾವಿರಾರು ಫ್ರಿಗೇಟ್ ಹಕ್ಕಿಗಳು. ಕೆರಿಬಿಯನ್‌ನ ಅತಿ ದೊಡ್ಡ ಫ್ರಿಗೇಟ್ ವಸತಿಗಳಲ್ಲಿ ಇದೂ ಒಂದು.

ಗಂಡು ಪೂರ್ತಿ ಕಪ್ಪು. ಗಂಟಲಲ್ಲಿ ಕೆಂಪು ಚರ್ಮದ ಒಂದು ಚೀಲ. ಹೆಣ್ಣನ್ನು ಕರೆಯುವ ಕಾಲ ಬಂದಾಗ ಅದನ್ನು ಊದಿಕೊಳ್ಳುತ್ತದೆ. ಪೂರ್ತಿ ಊದಿದಾಗ ಚೀಲ ಅದರ ತಲೆಗಿಂತ ಎಷ್ಟೋ ಪಟ್ಟು ದೊಡ್ಡದು. ಪೊದೆಯ ಮೇಲೆ ಗಂಡುಗಳು ಸಾಲಾಗಿ ಕೂತು, ರೆಕ್ಕೆ ಅಗಲಿಸಿ ನಡುಗಿಸುತ್ತಾ, ಮೇಲೆ ಹಾರುವ ಹೆಣ್ಣುಗಳ ಕಡೆ ಕತ್ತು ಎತ್ತಿಕೊಂಡಿರುತ್ತವೆ. ಹೆಣ್ಣು ಸುಮ್ನೆ ಮೇಲಿಂದ ಸುತ್ತು ಹೊಡೆಯುತ್ತಾ ನೋಡುತ್ತಿರುತ್ತದೆ. ಅದಕ್ಕೆ ಅವಸರ ಇದ್ದಂತೆ ಕಾಣುವುದಿಲ್ಲ.

ಕಡಲ ಹಕ್ಕಿ ಆದರೂ ಇದರ ಗರಿ ನೀರು ತಡೆಯುವುದಿಲ್ಲ. ನೀರಿನ ಮೇಲೆ ಇಳಿದರೆ ನೆನೆದು ಮತ್ತೆ ಏಳಲಾರದು. ಹಾಗಾಗಿ ಗಾಳಿಯಲ್ಲೇ ಬದುಕುತ್ತದೆ. ರೆಕ್ಕೆಯ ಅಗಲ 2 ಮೀಟರಿಗಿಂತ ಜಾಸ್ತಿ, ತೂಕ ಮಾತ್ರ ಒಂದು, ಒಂದೂವರೆ ಕಿಲೋ. ಮೇಲ್ಮಟ್ಟದ ಮೀನನ್ನು ಹಾರುತ್ತಲೇ ಎತ್ತಿಕೊಳ್ಳುತ್ತದೆ, ಇಲ್ಲವೇ ಬೇರೆ ಹಕ್ಕಿಯನ್ನು ಅಟ್ಟಿಸಿಕೊಂಡು ಹೋಗಿ ನುಂಗಿದ್ದನ್ನೇ ಕಕ್ಕಿಸಿ ಕಿತ್ತುಕೊಳ್ಳುತ್ತದೆ. ಶುದ್ಧ ದರೋಡೆ. ಸಂಸಾರದ ವಿಷಯದಲ್ಲೂ ಗಂಡಿಗೆ ಒಳ್ಳೆಯ ಹೆಸರಿಲ್ಲ. ಇಡುವುದು ಒಂದೇ ಮೊಟ್ಟೆ. ಮರಿ ಕೆಲವು ತಿಂಗಳಿನದಾಗುವಷ್ಟರಲ್ಲಿ ಅಪ್ಪ ಹೊರಟುಹೋಗುತ್ತಾನೆ. ಆಮೇಲೆ ತಿಂಗಳುಗಟ್ಟಲೆ ತಿನ್ನಿಸಿ ಸಾಕುವುದು ಅಮ್ಮನೊಬ್ಬಳೇ. ಸೆಪ್ಟೆಂಬರಿನಿಂದ ಏಪ್ರಿಲ್‌ವರೆಗೆ ಹೋದರೆ ಈ ಸಂಸಾರ ನೋಡಲು ಸಿಗುತ್ತದೆ.

ಇದು ಬಿಟ್ಟರೆ ಈ ದ್ವೀಪ ಬಿಟ್ಟು ಜಗತ್ತಿನಲ್ಲಿ ಬೇರೆಲ್ಲೂ ಸಿಗದ ಬಾರ್ಬುಡಾ ವಾರ್ಬ್ಲರ್ ಎಂಬ ಪುಟಾಣಿ ಹಳದಿ ಹಕ್ಕಿ ಇದೆ. ಪೂರ್ವಕ್ಕೆ ಹೋದರೆ ಗುಹೆಗಳಿವೆ, ಅದರಲ್ಲೊಂದರಲ್ಲಿ ಯುರೋಪಿನವರು ಬರುವುದಕ್ಕೂ ಮೊದಲಿನವರು ಕೊರೆದ ಮುಖಗಳಿವೆ. ಡಾರ್ಬಿ ಕೇವ್ ಅನ್ನುವುದು ಗುಹೆಯಲ್ಲ, ನೆಲ ಕುಸಿದು ಆದ ದೊಡ್ಡ ಗುಂಡಿ. ಮೇಲೆ ಒಣ ಕುರುಚಲು, ಕೆಳಗೆ ಹಸಿರು ತಾಳೆ ಮರಗಳು. ಬಿಸಿಲಿನಲ್ಲಿ ನಡೆದು ಹೋಗಬೇಕು, ನೀರು ಜಾಸ್ತಿ ಇಟ್ಟುಕೊಳ್ಳಿ.

ಈಗ ನೆಲದ ಕಥೆ.

1685ರಲ್ಲಿ ಇಂಗ್ಲೆಂಡಿನ ಅರಸೊತ್ತಿಗೆ ಈ ಇಡೀ ದ್ವೀಪವನ್ನು ಕಾಡ್ರಿಂಗ್ಟನ್ ಕುಟುಂಬಕ್ಕೆ ಗುತ್ತಿಗೆ ಕೊಟ್ಟಿತು. ಆಮೇಲೆ ನವೀಕರಿಸಿದ ಗುತ್ತಿಗೆಯ ಬಾಡಿಗೆ ಏನು ಗೊತ್ತಾ? ಕೇಳಿದರೆ ವರ್ಷಕ್ಕೊಂದು ಕೊಬ್ಬಿದ ಕುರಿ. ಅದೂ ಕೇಳಿದರೆ ಮಾತ್ರ! ಈ ಕುಟುಂಬಕ್ಕೆ ಆಂಟಿಗುವಾದಲ್ಲಿ ಬೆಟ್ಟೀಸ್ ಹೋಪ್ ಎಂಬ ದೊಡ್ಡ ಕಬ್ಬಿನ ತೋಟ ಇತ್ತು. ಬಾರ್ಬುಡಾದಲ್ಲಿ ಮಳೆ ಕಡಿಮೆ, ಮಣ್ಣು ತೆಳು, ಕಬ್ಬು ಆಗುವುದಿಲ್ಲ. ಆದ್ದರಿಂದ ದನ, ಕುರಿ, ಮರ, ಸುಣ್ಣ, ಕಾಳುಕಡ್ಡಿ ಒದಗಿಸುವ ಜಾಗವಾಗಿ ಅದನ್ನು ಬಳಸಿಕೊಂಡರು. ಬೇಟೆಗೆಂದು ತಂದ ಜಿಂಕೆಗಳ ಸಂತತಿ ಇವತ್ತಿಗೂ ಇದೆ, ಆ ಜಿಂಕೆಯೇ ದೇಶದ ರಾಷ್ಟ್ರೀಯ ಪ್ರಾಣಿ.

ಕೆಲಸ ಮಾಡಿದವರು ಆಫ್ರಿಕಾದಿಂದ ಹಿಡಿದು ತಂದ ಗುಲಾಮರು ಮತ್ತು ಅವರ ಮಕ್ಕಳು. ಕ್ರೌರ್ಯ ಇಲ್ಲಿ ಇರಲಿಲ್ಲ ಅಂತ ನಾನು ಹೇಳುತ್ತಿಲ್ಲ. ಆದರೆ ಕಬ್ಬಿನ ತೋಟದ ಹಾಗೆ ದಿನವಿಡೀ ಬೆನ್ನ ಮೇಲೆ ಚಾಟಿ ಹಿಡಿದು ನಿಲ್ಲುವ ವ್ಯವಸ್ಥೆ ಇಲ್ಲಿ ಇರಲಿಲ್ಲ. ಬಿಳಿಯರು ಬೆರಳೆಣಿಕೆ. ಬೇಟೆ, ಮೀನುಗಾರಿಕೆ, ತಮ್ಮ ತುಂಡು ತೋಟ, ಎಲ್ಲವನ್ನೂ ಜನರೇ ನಡೆಸಿಕೊಳ್ಳುತ್ತಿದ್ದರು. 1834ರಲ್ಲಿ ಗುಲಾಮಗಿರಿ ರದ್ದಾದಾಗ ಅಲ್ಲಿದ್ದವರು ಸುಮಾರು 500 ಜನ. ಅವರು ಎಲ್ಲೂ ಹೋಗಲಿಲ್ಲ. 1870ರಲ್ಲಿ ಕಾಡ್ರಿಂಗ್ಟನ್‌ಗಳೂ ಗುತ್ತಿಗೆ ಬಿಟ್ಟರು. ಕಾಗದದ ಮೇಲೆ ನೆಲ ಅರಸೊತ್ತಿಗೆಯದು, ಬಳಕೆಯಲ್ಲಿ ಊರಿನದು. ಮನೆ ಕಾಡ್ರಿಂಗ್ಟನ್ ಊರಿನೊಳಗೆ, ತೋಟ ಹೊರಗೆ ಬೇಕಾದ ಕಡೆ. ಮಣ್ಣು ಸೋತರೆ ಬೇಲಿ ಕಿತ್ತು ಬೇರೆ ಕಡೆ. ಬಿಟ್ಟ ಜಾಗ ಮತ್ತೆ ಎಲ್ಲರದು.

ನಮ್ಮ ಹಳ್ಳಿಗಳ ಗೋಮಾಳ ಗೊತ್ತಲ್ಲ, ಅದನ್ನೇ ಇಡೀ ದ್ವೀಪಕ್ಕೆ ಹಿಗ್ಗಿಸಿ ನೋಡಿ. ಗೋಮಾಳಕ್ಕೆ ನಮ್ಮಲ್ಲಿ ಏನಾಗಿದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಬಾರ್ಬುಡಾದವರು ಅದನ್ನು ಒಂದೂಮುಕ್ಕಾಲು ಶತಮಾನ ಉಳಿಸಿಕೊಂಡರು.

1981ರ ನವೆಂಬರ್ 1ರಂದು ಸ್ವಾತಂತ್ರ್ಯ ಬರುವ ಹೊತ್ತಿಗೆ ಬಾರ್ಬುಡಾದವರಿಗೆ ಆಂಟಿಗುವಾ ಜೊತೆ ಸೇರುವುದೇ ಇಷ್ಟ ಇರಲಿಲ್ಲ. ನಮ್ಮ ನೆಲದ ಮೇಲೆ ಅವರ ಕಣ್ಣಿದೆ ಎಂಬ ಅನುಮಾನ. ಕೊನೆಗೆ ಸ್ಥಳೀಯ ಕೌನ್ಸಿಲ್ಲಿಗೆ ಅಧಿಕಾರ ಉಳಿಸಿ ರಾಜಿಯಾಯಿತು. 2007ರಲ್ಲಿ ಬಾರ್ಬುಡಾ ಭೂ ಕಾಯ್ದೆ ಬಂತು. ನೆಲದ ಒಡೆತನ ಬಾರ್ಬುಡಾದ ಜನರೆಲ್ಲರದು, ಮಾರುವಂತಿಲ್ಲ ಎಂದು ಅದು ಬರೆದಿಟ್ಟಿತು. ಬಾರ್ಬುಡಾದವರಿಗೆ ಮನೆಗೆ, ಬೇಸಾಯಕ್ಕೆ, ವ್ಯಾಪಾರಕ್ಕೆ ಜಾಗ ಬಳಸುವ ಹಕ್ಕು. ಹೊರಗಿನವರ ದೊಡ್ಡ ಯೋಜನೆಗೆ ಗುತ್ತಿಗೆ ಕೊಡಬೇಕಾದರೆ ಜನರ ಬಹುಮತದ ಒಪ್ಪಿಗೆ ಬೇಕು.

ಇದರರ್ಥ ಬಾರ್ಬುಡಾದವರೆಲ್ಲ ಪ್ರಕೃತಿ ಸಂತರು ಅಂತಲ್ಲ. ಪಾಲ್ಮೆಟ್ಟೋ ಪಾಯಿಂಟ್ ಅನ್ನುವ ಕಡೆ ದಶಕಗಳ ಕಾಲ ಮರಳು ತೋಡಿ ಬೇರೆ ದ್ವೀಪಗಳಿಗೆ ಮಾರಿದ್ದಾರೆ. ಅದರಿಂದ ಅಂತರ್ಜಲಕ್ಕೆ ಉಪ್ಪು ಸೇರಿದೆ. ಅದೇ ಕೌನ್ಸಿಲ್ 2014ರಲ್ಲಿ ಕರಾವಳಿಯ ಮೂರನೇ ಒಂದು ಭಾಗದಲ್ಲಿ ಮೀನು ಹಿಡಿಯದಂತೆ ನಿಯಮವನ್ನೂ ಮಾಡಿತು. ಎರಡೂ ನಿಜ. ಅವರ ನಿರ್ಧಾರ, ಅವರ ತಪ್ಪು, ಅವರ ತಿದ್ದುಪಡಿ.

2017ರ ಸೆಪ್ಟೆಂಬರ್ 6. ಇರ್ಮಾ ಚಂಡಮಾರುತ. ಗಂಟೆಗೆ ಸುಮಾರು 295 ಕಿಲೋಮೀಟರ್ ವೇಗದ ಗಾಳಿ. ಅದರ ಕಣ್ಣು ನೇರ ಬಾರ್ಬುಡಾದ ಮೇಲೆ ಹಾದುಹೋಯಿತು. ತಗ್ಗು ದ್ವೀಪ, ತಡೆಯಲು ಒಂದು ಗುಡ್ಡ ಇಲ್ಲ. ಒಂದು ಪುಟ್ಟ ಮಗು ತೀರಿಕೊಂಡಿತು. ಬಹುಪಾಲು ಮನೆಗಳಿಗೆ ಹಾನಿಯಾಯಿತು. ಲಗೂನನ್ನು ಕಡಲಿನಿಂದ ಬೇರೆ ಮಾಡುತ್ತಿದ್ದ ಮರಳಿನ ಪಟ್ಟಿಯೇ ಒಡೆದು ನೀರು ಒಳಗೆ ನುಗ್ಗಿತು. ಹಿಂದೆಯೇ ಹೋಸೆ ಎಂಬ ಇನ್ನೊಂದು ಚಂಡಮಾರುತ ಬರುತ್ತಿದೆ ಎಂದು ದ್ವೀಪದವರನ್ನೆಲ್ಲ ಆಂಟಿಗುವಾಕ್ಕೆ ಸಾಗಿಸಿದರು. ಮುನ್ನೂರು ವರ್ಷಗಳಲ್ಲಿ ಮೊದಲ ಸಲ ಬಾರ್ಬುಡಾದಲ್ಲಿ ಜನವಾಸ ಇಲ್ಲದಂತಾಯಿತು.

ಹೋಸೆ ದಾರಿ ಬದಲಿಸಿ ಹೋಯಿತು. ಜನರಿಗೆ ಮಾತ್ರ ಬೇಗ ಮರಳಲು ಆಗಲಿಲ್ಲ. ನೀರಿಲ್ಲ, ಕರೆಂಟಿಲ್ಲ, ಶಾಲೆ ಇಲ್ಲ. ಅವರು ಆಂಟಿಗುವಾದ ಆಶ್ರಯ ಕೇಂದ್ರಗಳಲ್ಲಿ ಮಲಗಿದ್ದಾಗ ಇತ್ತ ಬುಲ್ಡೋಜರುಗಳು ಕುರುಚಲು ಕಾಡು ಸವರಿ ಹೊಸ ವಿಮಾನ ನಿಲ್ದಾಣಕ್ಕೆ ಜಾಗ ಮಾಡತೊಡಗಿದ್ದವು. ಮನೆ ಇಲ್ಲ, ಮೊದಲು ರನ್‌ವೇ! ಅದರ ಬೆನ್ನಿಗೇ ಪ್ರಧಾನಿ ಗ್ಯಾಸ್ಟನ್ ಬ್ರೌನ್ ಅವರ ಸರ್ಕಾರ 2007ರ ಕಾಯ್ದೆಯನ್ನು ಬದಲಿಸಿತು. ಪ್ರತಿ ಕುಟುಂಬಕ್ಕೂ ಹೆಸರಿಗೊಂದು ಡಾಲರಿಗೆ ಅವರಿರುವ ಜಾಗದ ಹಕ್ಕುಪತ್ರ ಕೊಡುತ್ತೇವೆ, ಅದನ್ನು ಅಡವಿಟ್ಟು ಸಾಲ ತೆಗೆದು ಮನೆ ಕಟ್ಟಿಕೊಳ್ಳಿ ಎಂದರು.

ಈ ವಾದವನ್ನು ಪೂರ್ತಿ ತಳ್ಳಿಹಾಕಲು ನನಗೆ ಆಗುವುದಿಲ್ಲ. ಹಕ್ಕುಪತ್ರ ಇಲ್ಲದ ಜಾಗಕ್ಕೆ ಬ್ಯಾಂಕು ಸಾಲ ಕೊಡುವುದಿಲ್ಲ, ನಿಜ. ಕೆಲಸ ಹುಡುಕಿಕೊಂಡು ಯುವಕರು ಆಂಟಿಗುವಾಕ್ಕೆ, ಇಂಗ್ಲೆಂಡಿನ ಲೆಸ್ಟರಿಗೆ, ನ್ಯೂಯಾರ್ಕಿಗೆ ಹೋಗುತ್ತಲೇ ಇದ್ದಾರೆ, ಅದೂ ನಿಜ. ಆದರೆ ಮಾರಲು ಬರುವ ನೆಲವನ್ನು ಕೊಳ್ಳಲೂ ಬರುತ್ತದೆ, ಅಲ್ವಾ? ಇಂಥ ಮಾತನ್ನು ಜನ ಊರಲ್ಲಿ ಇಲ್ಲದ ಹೊತ್ತಿನಲ್ಲಿ ತೀರ್ಮಾನಿಸಿದ್ದನ್ನು ಯಾವ ವಾದದಿಂದಲೂ ಸಮರ್ಥಿಸಲು ಬರುವುದಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಮುಂದಿನದನ್ನು ಬೇಗ ಹೇಳುತ್ತೇನೆ. ರಾಜಕುಮಾರಿ ಡಯಾನಾ ಬಂದು ಉಳಿದಿದ್ದ ಕೆ ಕ್ಲಬ್ ಎಂಬ ಹಳೆಯ ಹೋಟೆಲಿನ ಜಾಗ, ನಟ ರಾಬರ್ಟ್ ಡಿ ನಿರೋ ಪಾಲುದಾರರಾಗಿರುವ ಯೋಜನೆಗೆ ಹೋಯಿತು. ಅದಕ್ಕಾಗಿ 2015ರಲ್ಲಿ ಪ್ರತ್ಯೇಕ ಕಾಯ್ದೆಯನ್ನೇ ಮಾಡಿದ್ದರು. ಅದನ್ನು ಪ್ರಶ್ನಿಸಿದ ಬಾರ್ಬುಡಾದವರು 2022ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್‌ನಲ್ಲಿ ಸೋತರು. ಆ ದೇಶಕ್ಕೆ ಇವತ್ತಿಗೂ ಅದೇ ಕೊನೆಯ ನ್ಯಾಯಾಲಯ. ಇನ್ನೊಂದು ಕಡೆ ಬಾರ್ಬುಡಾ ಓಷನ್ ಕ್ಲಬ್ ಎಂಬ ಸಿರಿವಂತರ ಖಾಸಗಿ ವಸತಿ, ಗಾಲ್ಫ್ ಮೈದಾನ ಎದ್ದಿವೆ. ಅದರ ಒಂದು ಭಾಗ ಇರುವುದು ಮರಳು ತೋಡಿದ ಅದೇ ಪಾಲ್ಮೆಟ್ಟೋ ಪಾಯಿಂಟಿನಲ್ಲಿ. 2005ರಿಂದ ರಾಮ್ಸಾರ್ ಪಟ್ಟಿಯಲ್ಲಿರುವ, ಅಂದರೆ ಅಂತರರಾಷ್ಟ್ರೀಯ ಮಹತ್ವದ್ದೆಂದು ಗುರುತಿಸಿದ ಜೌಗುಭೂಮಿಯ ವ್ಯಾಪ್ತಿ ಅದು. ವಿಮಾನ ನಿಲ್ದಾಣದ ವಿಷಯದಲ್ಲಿ ಮಾತ್ರ ಕಡಲ ಜೀವಶಾಸ್ತ್ರಜ್ಞ ಜಾನ್ ಮುಸ್ಸಿಂಗ್ಟನ್ ಮತ್ತು ನಿವೃತ್ತ ಶಿಕ್ಷಕಿ ಜಾಕ್ಲಿನ್ ಫ್ರ್ಯಾಂಕ್ ಹಟ ಬಿಡಲಿಲ್ಲ. ಪ್ರಶ್ನೆ ಮಾಡುವ ಹಕ್ಕು ಇವರಿಗಿದೆ ಎಂದು ಪ್ರಿವಿ ಕೌನ್ಸಿಲ್ 2024ರ ಫೆಬ್ರವರಿಯಲ್ಲಿ ಒಪ್ಪಿಕೊಂಡಿತು. ಅಷ್ಟರಲ್ಲಿ ರನ್‌ವೇ ಸಿದ್ಧವಾಗಿತ್ತು. ಅದೇ ವರ್ಷ ನಿಲ್ದಾಣವೂ ಶುರುವಾಯಿತು.

ಹಾಗಾದರೆ ಹೋಗಬೇಕೋ ಬೇಡವೋ? ಹೋಗಿ. ಆದರೆ ದುಡ್ಡು ಯಾರ ಕೈಗೆ ಹೋಗುತ್ತದೆ ಅಂತ ನೋಡಿಕೊಂಡು ಹೋಗಿ. ಕಾಡ್ರಿಂಗ್ಟನ್‌ನಲ್ಲಿ ಮನೆಯವರೇ ನಡೆಸುವ ಸಣ್ಣ ವಸತಿಗಳಿವೆ, ಅಲ್ಲಿ ಉಳಿಯಿರಿ. ಬೆಳಗ್ಗೆ ಬಂದು ಸಂಜೆ ಹೋಗುವ ಪ್ಯಾಕೇಜಿನಲ್ಲಿ ಹಕ್ಕಿ, ದಂಡೆ, ಲಾಬ್ಸ್ಟರ್ ಊಟ, ಮೂರನ್ನೂ ತುರುಕಿರುತ್ತಾರೆ. ಊರಿನವರ ಜೊತೆ ಎರಡು ಮಾತಾಡಲೂ ಸಮಯ ಉಳಿಯುವುದಿಲ್ಲ. ದೋಣಿಗಾರರನ್ನು, ಕಾರಿನವರನ್ನು ನೇರವಾಗಿ ಗೊತ್ತು ಮಾಡಿಕೊಳ್ಳಿ. ಆ ದೇಶದ ಕಾನೂನಿನಲ್ಲಿ ಎಲ್ಲ ಮರಳದಂಡೆಗಳೂ ಸಾರ್ವಜನಿಕ. ಹೋಟೆಲಿನ ಮುಂದಿನ ದಂಡೆಯಲ್ಲಿ ನಡೆಯಲು ಯಾರ ಅಪ್ಪಣೆಯೂ ಬೇಕಿಲ್ಲ.

ನನ್ನ ಮಾತು ಇಷ್ಟು. ಕೊನೆಯಲ್ಲಿ ಬಂದ ಎರಡು ಪ್ರಶ್ನೆಗಳನ್ನೂ ಇಲ್ಲಿ ಸೇರಿಸಿದ್ದೇನೆ.

ಹಿರಿಯರೊಬ್ಬರು ಕೇಳಿದರು: "ಚಂಡಮಾರುತ ಆದಮೇಲೆ ಆ ಹಕ್ಕಿಗಳ ಕಥೆ ಏನಾಯ್ತು?"

ಒಳ್ಳೆಯ ಪ್ರಶ್ನೆ ಸರ್. ಕಾಂಡ್ಲಾ ಪೊದೆಗಳ ಎಲೆಯೆಲ್ಲ ಉದುರಿ ಬರೀ ಕಡ್ಡಿ ಉಳಿದಿತ್ತು. ಹಕ್ಕಿಗಳು ಮಾಯ. ಆದರೆ ಕೆಲವೇ ವಾರಗಳಲ್ಲಿ ಒಂದೊಂದಾಗಿ ವಾಪಸ್ ಬಂದು ಅದೇ ಬೋಳು ಕಡ್ಡಿಗಳ ಮೇಲೆ ಕೂತವು. ವಾರ್ಬ್ಲರ್ ಬಗ್ಗೆ ಜಾಸ್ತಿ ಭಯ ಇತ್ತು, ಏಕೆಂದರೆ ಅದಕ್ಕೆ ಹೋಗಲು ಬೇರೆ ಊರಿಲ್ಲ. ಹುಡುಕಲು ಹೋದವರಿಗೆ ಅದೂ ಸಿಕ್ಕಿತು. ಆ ಚಿಟಿಕೆಯಷ್ಟು ಹಕ್ಕಿ ಅಂಥ ಗಾಳಿಯನ್ನು ಹೇಗೆ ತಡೆದುಕೊಂಡಿತೋ!

ಹಿಂದಿನ ಸಾಲಿನಿಂದ ಒಬ್ಬ ಅಮ್ಮ ಕೇಳಿದ್ದು ನಾನು ಮೊದಲೇ ಹೇಳಬೇಕಾಗಿದ್ದ ವಿಷಯ: "ಲಾಬ್ಸ್ಟರ್, ಮೀನು ಅಂತೀರಲ್ಲ, ನಮ್ಮಂಥವರು ಅಲ್ಲಿ ಏನು ತಿನ್ನೋದು?"

ಉಪವಾಸ ಬೀಳುವುದಿಲ್ಲ ಅಮ್ಮ. ಮೆಕ್ಕೆಜೋಳದ ಹಿಟ್ಟಿಗೆ ಬೆಂಡೆಕಾಯಿ ಹಾಕಿ, ಒಲೆಯ ಮೇಲೆ ಕೋಲಿನಿಂದ ತಿರುವಿ ಉಂಡೆ ಕಟ್ಟುವ ಫಂಜಿ ಅಂತ ಇದೆ. ಜೊತೆಗೆ ಕೊಡುವ ಪೆಪ್ಪರ್‌ಪಾಟ್‌ನಲ್ಲಿ ಮಾಂಸ ಇರುತ್ತದೆ, ಅದನ್ನು ಬೇಡ ಅನ್ನಿ, ಸೊಪ್ಪಿನ ಪಲ್ಯ ಕೇಳಿ. ಗೆಣಸು, ತೆಂಗಿನತುರಿ, ಸಕ್ಕರೆ, ಮಸಾಲೆ ಕಲಸಿ ಎಲೆಯಲ್ಲಿ ಸುತ್ತಿ ಬೇಯಿಸುವ ಡುಕಾನಾ ನಿಮಗೆ ಖಂಡಿತ ಹಿಡಿಸುತ್ತದೆ. ಅನ್ನ, ಕಾಳು ಹೇಗೂ ಸಿಗುತ್ತವೆ. ಒಂದೇ ಕಿವಿಮಾತು. ಅಲ್ಲಿನ ಸಣ್ಣ ಊಟದ ಮನೆಗಳಲ್ಲಿ ಗಿರಾಕಿಗಳಿದ್ದಾರೆ ಅಂತ ಗೊತ್ತಾದರೆ ಮಾತ್ರ ಅಡುಗೆ ಮಾಡುತ್ತಾರೆ. ಬೆಳಗ್ಗೆಯೇ ಹೋಗಿ ಎಷ್ಟು ಜನ, ಏನು ತಿನ್ನುತ್ತೀರಿ, ಏನು ತಿನ್ನುವುದಿಲ್ಲ ಅಂತ ಹೇಳಿಬರಬೇಕು. ದುಡ್ಡು ನಗದಾಗಿಯೇ ಇಟ್ಟುಕೊಳ್ಳಿ. ಅಲ್ಲಿನದು ಪೂರ್ವ ಕೆರಿಬಿಯನ್ ಡಾಲರ್, ಒಂದು ಅಮೆರಿಕನ್ ಡಾಲರಿಗೆ 2.70.